ನಾಲ್ಕು ಹನ್ನೆರಡಕ್ಕೆ ಬಿದ್ದ ನಾಗವೇಣಿ

ಡಿಸೆಂಬರ್ ತಿಂಗಳ ಎರಡನೆಯ ಭಾನುವಾರ, ಸಂಜೆ ನಾಲ್ಕು ಗಂಟೆ ಹನ್ನೆರಡು ನಿಮಿಷಕ್ಕೆ, ತಿ. ನರಸೀಪುರದ ಮೈದಾನದಲ್ಲಿ ಖೋ ಖೋ ಪಂದ್ಯ ನಡೆಯುತ್ತಿದ್ದಾಗ ಸೋಸಲೆಯ ಆಟಗಾರ್ತಿ ನಾಗವೇಣಿ ಓಡುತ್ತಿದ್ದವಳು ಬಿದ್ದಳು. ನಾಲ್ಕು ಹದಿಮೂರಕ್ಕೆ ಎದೆ ಒತ್ತಲು ಶುರು ಮಾಡಿದರು. ಹದಿನೇಳಕ್ಕೆ ಶಾಕ್ ಕೊಟ್ಟರು. ಇಪ್ಪತ್ತಕ್ಕೆ ಅವಳ ಎಡಗೈ ಅಲುಗಿತು. ಆಗ ಅವಳಿಗೆ ಇಪ್ಪತ್ತು ವರ್ಷ.

ಇಷ್ಟು ನನ್ನ ನೋಟ್‌ಬುಕ್ಕಿನಲ್ಲಿದೆ. ಮರುದಿನ ನಮ್ಮ ಪತ್ರಿಕೆಯಲ್ಲಿ ಬಂದದ್ದು ಬೇರೆ.

ನಂಜನಗೂಡು ಮತ್ತು ತಿ. ನರಸೀಪುರ, ಈ ಎರಡು ತಾಲ್ಲೂಕುಗಳಿಗೆ ನಾನು ಮೂವತ್ತೊಂದು ವರ್ಷ ವರದಿಗಾರನಾಗಿದ್ದೆ. ಈಗ ಕೆಲಸಕ್ಕೆ ಸೇರುತ್ತಿರುವವರು ಕೆಲವರು ಮನೆಗೆ ಬರುತ್ತಾರೆ. ನೀವು ಬರೆದ ದೊಡ್ಡ ಸುದ್ದಿ ಯಾವುದು ಎಂದು ಕೇಳುತ್ತಾರೆ. ದೊಡ್ಡ ಸುದ್ದಿಗೆ ಮೈಸೂರಿನಿಂದ ಬೇರೆಯವರು ಬರುತ್ತಿದ್ದರು. ನಮ್ಮ ಪಾಲಿಗೆ ಇದ್ದದ್ದು ಮೂರು ಸಾಲಿನ ಸುದ್ದಿ. ಅಂಥವು ಎಷ್ಟು ಬರೆದೆನೋ ಎಣಿಸಿಲ್ಲ. ಅವುಗಳಲ್ಲಿ ಎರಡನ್ನು ಇಲ್ಲಿ ಬರೆದಿಡುತ್ತೇನೆ. ಎರಡೂ ತಪ್ಪಾಗಿದ್ದವು, ಎರಡೂ ಒಂದೇ ಮನೆಗೆ ಸೇರಿದ್ದವು.

ನನ್ನ ಮೊದಲ ಮೇಲಧಿಕಾರಿ ಶ್ರೀಕಂಠಯ್ಯನವರು ಮೈಸೂರಿನ ಕಚೇರಿಯಲ್ಲಿ ಜಿಲ್ಲಾ ಪುಟ ನೋಡುತ್ತಿದ್ದರು. ಆಗ ಸುದ್ದಿಯನ್ನು ಕಾಗದದ ಮೇಲೆ ಬರೆದು, ಕವರಿಗೆ ಹಾಕಿ, ಮಧ್ಯಾಹ್ನದ ಬಸ್ಸಿನ ಕಂಡಕ್ಟರ್ ಕೈಗೆ ಕೊಡುವುದು. ಮೈಸೂರಿನ ನಿಲ್ದಾಣದಲ್ಲಿ ಕಚೇರಿಯವರು ಬಂದು ಇಸಿದುಕೊಳ್ಳುತ್ತಿದ್ದರು. ಕವರ್ ತಲುಪಿದ ಅರ್ಧ ಗಂಟೆಗೆ ಟೀ ಅಂಗಡಿಯ ಫೋನಿಗೆ ಕರೆ ಬರುತ್ತಿತ್ತು.

"ಬೆಂಕಿ ಬಿತ್ತು ಅಂತ ಬರ್ದಿದೀಯ. ಎಷ್ಟೊತ್ತಿಗೆ ಬಿತ್ತು?"

"ಬೆಳಿಗ್ಗೆ ಸಾರ್."

"ಬೆಳಿಗ್ಗೆ ಅಂದ್ರೆ ಕೋಳಿ ಕೂಗೋ ಹೊತ್ತೋ, ಸ್ಕೂಲ್ ಬೆಲ್ ಹೊಡಿಯೋ ಹೊತ್ತೋ? ಡಿಗ್ರಿ ಮಾಡ್ಕೊಂಡು ಬಂದಿದೀಯ, ಗಡಿಯಾರ ನೋಡಕ್ಕೆ ಬರಲ್ವೇನಯ್ಯಾ? ಟೈಮ್ ಹಾಕು."

ಅಂದಿನಿಂದ ಟೈಮ್ ಹಾಕುವುದು ಅಭ್ಯಾಸವಾಯಿತು. ಗ್ರಾಮಸಭೆಯಲ್ಲಿ ಯಾರಾದರೂ ಕುರ್ಚಿ ಎತ್ತಿದರೆ ನಾನು ಮೊದಲು ಗಡಿಯಾರ ನೋಡುತ್ತಿದ್ದೆ. ಮನೆಯಲ್ಲಿ ಹಾಲು ಉಕ್ಕಿದರೂ ಹಾಗೆಯೇ ಎಂದು ನನ್ನ ಹೆಂಡತಿ ನಗುತ್ತಿದ್ದಳು.

ಶ್ರೀಕಂಠಯ್ಯನವರು ಇನ್ನೊಂದನ್ನೂ ಕಲಿಸಿದರು. ಜಾಗ ಕಡಿಮೆ, ಆದ್ದರಿಂದ ಕಾರಣವನ್ನು ಎರಡು ಮೂರು ಪದದಲ್ಲಿ ಮುಗಿಸಬೇಕು. ಅದಕ್ಕೆ ಸಿದ್ಧ ಪದಗಳಿದ್ದವು. ವಾಹನ ಉರುಳಿದರೆ ‘ಚಾಲಕನ ನಿಯಂತ್ರಣ ತಪ್ಪಿ’. ಹೆಂಗಸು ವಿಷ ಕುಡಿದರೆ ‘ಹೊಟ್ಟೆನೋವು ತಾಳಲಾರದೆ’. ನದಿಯಲ್ಲಿ ಮುಳುಗಿದರೆ ‘ಈಜು ಬಾರದೆ’. ಇವನ್ನು ಬರೆಯಲು ಯಾರನ್ನೂ ಏನನ್ನೂ ಕೇಳಬೇಕಾಗಿರಲಿಲ್ಲ. ಟೈಮ್ ಹಾಕದಿದ್ದರೆ ಫೋನ್ ಬರುತ್ತಿತ್ತು. ಕಾರಣ ತಪ್ಪಿದರೆ ಯಾರ ಫೋನೂ ಬರುತ್ತಿರಲಿಲ್ಲ.

ನಾನು ಕೆಲಸಕ್ಕೆ ಸೇರಿ ಹತ್ತು ವರ್ಷ ಕಳೆದಿರಲಿಲ್ಲ. ಸೋಸಲೆಯ ಹತ್ತಿರ ಕಾವೇರಿಯಲ್ಲಿ ಮಹದೇವ ಎಂಬ ಯುವಕ ಮುಳುಗಿ ಸತ್ತ. ಠಾಣೆಯಲ್ಲಿ ಹೆಸರು, ವಯಸ್ಸು, ಹೊತ್ತು ಬರೆದುಕೊಂಡೆ. ‘ಈಜು ಬಾರದೆ’ ಎಂದು ನಾನೇ ಸೇರಿಸಿದೆ. ಸುದ್ದಿ ಬಂದ ಎರಡನೆಯ ದಿನ, ನರಸೀಪುರದ ಬಸ್ ನಿಲ್ದಾಣದ ಎದುರಿನ ನನ್ನ ಕೋಣೆಗೆ ಒಬ್ಬ ಹೆಂಗಸು ಮೆಟ್ಟಿಲು ಹತ್ತಿ ಬಂದಳು. ಕಂಕುಳಲ್ಲಿ ಒಂದು ವರ್ಷದ ಕೂಸು.

"ಪೇಪರ್ ಸಾ ನೀವೇಯಾ?"

"ಹೌದಮ್ಮ. ಕೂತ್ಕೋ."

"ಕೂರಕ್ ಬರ್ನಿಲ್ಲ. ನನ್ ತಮ್ಮ ಮಾದೇವುಂಗೆ ಈಜು ಬರ್ನಿಲ್ಲ ಅಂತ ನಿಮ್ಗೆ ಯಾರ್ ಯೋಳುದ್ರು?"

ನಾನು ನೋಟ್‌ಬುಕ್ ತೆರೆದು ಆ ದಿನದ ಪುಟ ಹುಡುಕಿದೆ.

"ಈ ದಡದಿಂದ ಆ ದಡಕ್ಕೋಗಿ ತಿರ್ಗಾ ಬತ್ತಿದ್ದ ಸಾ ಅವ್ನು. ಎಮ್ಮೆ ಬಾಲ ಇಡ್ಕಂಡಲ್ಲ, ಕೈ ಬೀಸ್ಕಂಡು. ಅಳ್ಳೀಲಿ ಅರ್ಧ ಉಡುಗ್ರಿಗೆ ಅವ್ನೇ ಈಜು ಕಲ್ಸಿರದು. ಈಗ ಎಲ್ರೂ ಪೇಪರ್ ಇಡ್ಕಂಡು ನಗಾಡ್ತವ್ರೆ, ನಿನ್ ತಮ್ಮುಂಗೆ ಈಜೇ ಬರ್ನಿಲ್ವಂತಲ್ಲ ಸಿದ್ದಮ್ಮ ಅಂತ."

"ಮತ್ತೆ ಹೇಗಮ್ಮ ಮುಳುಗಿದ?"

"ಅದ್ನ ಈಗ ಕೇಳ್ತಿದೀರಲ್ಲ ಸಾ, ಬರ್ದಾದ್ಮೇಲೆ. ದಡದಲ್ಲಿದ್ದೋರು ಯೋಳ್ತರೆ, ಚೆಂದಾಗಿ ಈಜ್ತಿದ್ನಂತೆ, ಇದ್ದಕ್ಕಿದ್ದಂಗೆ ಕೈ ನಿಂತೋಯ್ತಂತೆ. ಕೂಗ್ನಿಲ್ಲ, ಒದ್ದಾಡ್ನಿಲ್ಲ."

ಅಭ್ಯಾಸಬಲದಿಂದ ಬರೆದುಕೊಂಡೆ: ‘ಕೈ ನಿಂತಿತು. ಕೂಗಲಿಲ್ಲ. ಒದ್ದಾಡಲಿಲ್ಲ.’ ಕಂಕುಳಿನ ಕೂಸು ನನ್ನ ಪೆನ್ನನ್ನು ಕಿತ್ತುಕೊಳ್ಳಲು ಕೈ ಚಾಚುತ್ತಿತ್ತು. ಸಿದ್ದಮ್ಮ ಹೋದ ಮೇಲೆ ಶ್ರೀಕಂಠಯ್ಯನವರಿಗೆ ಫೋನ್ ಮಾಡಿ ತಿದ್ದುಪಡಿ ಹಾಕಬಹುದೇ ಎಂದು ಕೇಳಿದೆ.

"ಸತ್ತವನಿಗೆ ಈಜು ಬರ್ತಿತ್ತು ಅಂತ ತಿದ್ದುಪಡಿ ಹಾಕ್ಲಾ? ಹಾಗಾದ್ರೆ ಯಾಕೆ ಸತ್ತ ಅಂತ ಕೇಳ್ತಾರೆ. ಏನ್ ಹೇಳ್ತೀಯ?"

"ಗೊತ್ತಿಲ್ಲ ಸಾರ್."

"ಗೊತ್ತಿಲ್ದೆ ಇದ್ರೆ ಬಿಡು."

ಬಿಟ್ಟೆ. ನೋಟ್‌ಬುಕ್ ತುಂಬಿತು, ಉಳಿದವುಗಳ ಜೊತೆ ಟ್ರಂಕಿಗೆ ಹೋಯಿತು.

ಆಮೇಲೆ ಬಸ್ಸಿನ ಕವರ್ ನಿಂತು ಫ್ಯಾಕ್ಸ್ ಬಂತು. ಫ್ಯಾಕ್ಸ್ ಹೋಗಿ, ಸೈಬರ್ ಸೆಂಟರಿನಲ್ಲಿ ಸರದಿ ಕಾದು ಇಮೇಲ್ ಮಾಡುವುದು ಬಂತು. ಕೊನೆಗೆ ಮೊಬೈಲಿನಲ್ಲೇ ಟೈಪ್ ಮಾಡಿ, ಫೋಟೋ ಸಮೇತ ವಾಟ್ಸಾಪಿನಲ್ಲಿ ಕಳಿಸುವುದು. ಸುದ್ದಿ ಮುಟ್ಟುವ ವೇಗ ಹೆಚ್ಚಿತು. ‘ಈಜು ಬಾರದೆ’ ಮಾತ್ರ ಹಾಗೇ ಉಳಿಯಿತು.

ಆಟದ ಸುದ್ದಿ ಯಾರಿಗೂ ಬೇಡವಾಗಿತ್ತು, ನನಗೆ ಬೇಕಾಗಿತ್ತು. ನಮ್ಮ ಎರಡೂ ತಾಲ್ಲೂಕುಗಳಲ್ಲಿ ಖೋ ಖೋ ಎಂದರೆ ಜನ ಕೆಲಸ ಬಿಟ್ಟು ಬಂದು ನಿಲ್ಲುತ್ತಾರೆ. ನಾಗವೇಣಿಯನ್ನು ನಾನು ಮೊದಲು ಗಮನಿಸಿದ್ದು ಅವಳು ಪಿಯುಸಿಯಲ್ಲಿದ್ದಾಗ. ಅಟ್ಟಿಸಿಕೊಂಡು ಬರುವವಳ ಕೈ ಬೆನ್ನಿಗೆ ಒಂದು ಗೇಣು ಇದ್ದಾಗ ಕಂಬದ ಹತ್ತಿರ ಸೊಂಟ ತಿರುಗಿಸಿ ಹಿಂದಕ್ಕೆ ಹೋಗುತ್ತಿದ್ದಳು. ಅಟ್ಟಿಸಿದವಳು ಮುಂದಕ್ಕೆ ಹೋಗಿ ಬೀಳುತ್ತಿದ್ದಳು. ಸತತ ಮೂರು ನಿಮಿಷ ಔಟಾಗದೆ ಓಡುತ್ತಿದ್ದಳು. ಅವಳಿಗೆ ಆಟ ಕಲಿಸಿದವರು ಸೋಸಲೆಯವರೇ ಆದ ದೈಹಿಕ ಶಿಕ್ಷಕ ಪುಟ್ಟಸ್ವಾಮಿ. ರಾಜ್ಯ ತಂಡಕ್ಕೆ ಹೋಗುವ ಹುಡುಗಿ ಎಂದು ಅವರು ಹೇಳುತ್ತಿದ್ದರು. ಇದನ್ನು ಅವಳ ಮುಂದೆ ಹೇಳುತ್ತಿರಲಿಲ್ಲ. ಅವಳ ಮುಂದೆ ಹೇಳುತ್ತಿದ್ದದ್ದು, "ಏನಮ್ಮೀ, ಮದ್ವೆ ಮನೇಲಿ ಊಟ ಬಡ್ಸೋಳಂಗೆ ಓಡ್ತಿದೀಯ?"

ನರಸೀಪುರದ ಘಟನೆಗೆ ಒಂದು ವರ್ಷ ಮೊದಲು, ನಂಜನಗೂಡಿನ ಮೈದಾನವೊಂದರಲ್ಲಿ ಅವಳು ಮೊದಲ ಸಲ ಬಿದ್ದಳು. ನಾನು ಗೆರೆಯ ಪಕ್ಕದಲ್ಲೇ ನಿಂತಿದ್ದೆ. ಹುಡುಗಿಯ ಕೈಕಾಲು ಅದುರುತ್ತಿತ್ತು. ಜನ ಮುತ್ತಿದರು.

"ಕಬ್ಬುಣ ಕೊಡ್ರಪ್ಪೋ ಯಾರಾದ್ರೂ! ಕೀ ಕೊಡ್ರೀ, ಕೀ!"

ನಮ್ಮ ಕಡೆ ಯಾರಾದರೂ ಹಾಗೆ ಬಿದ್ದರೆ ಅಂಗೈಗೆ ಕಬ್ಬಿಣ ಇಡುತ್ತಾರೆ. ಮೈದಾನದಲ್ಲಿ ಸಿಗುವ ಕಬ್ಬಿಣ ಎಂದರೆ ಗಾಡಿಯ ಕೀಲಿ. ನನ್ನ ಬೈಕಿನ ಕೀಲಿಗೊಂಚಲು ಕೈಯಲ್ಲೇ ಇತ್ತು. ಕೊಟ್ಟೆ. ಯಾರೋ ಅದನ್ನು ಅವಳ ಅಂಗೈಗೆ ಒತ್ತಿ ಬೆರಳು ಮಡಿಚಿದರು. ಅವಳು ಕಣ್ಣು ಬಿಟ್ಟಳು. ಪುಟ್ಟಸ್ವಾಮಿಯವರ ಮುಖ ನೋಡಿ, "ಸಾ, ನಾನ್ ಔಟಾ?" ಎಂದಳು.

"ನೋಡುದ್ರಾ? ಕೀ ಬಿದ್ದಿದ್ದೇ ತಡ, ಎದ್ಬುಟ್ಳು. ಮೂರ್ಛೆ ಕಣ್ಲಾ ಇದು, ಗ್ಯಾರಂಟಿ," ಎಂದರು ಒಬ್ಬರು. ಎಲ್ಲರೂ ಒಪ್ಪಿದರು, ನಾನೂ ಒಪ್ಪಿದೆ. ಕೀಲಿ ವಾಪಸ್ ತೆಗೆದುಕೊಂಡು, ಗಡಿಯಾರ ನೋಡಿ ಬರೆದುಕೊಂಡೆ: ‘11.20. ಓಡುವಾಗ ಬಿದ್ದಳು. ಮುಖ ಬಿಳಿಚಿತು. ಆಮೇಲೆ ಅದುರು. ಒಂದು ನಿಮಿಷಕ್ಕಿಂತ ಕಡಿಮೆ. ಎದ್ದ ತಕ್ಷಣ ಎಲ್ಲರ ಗುರುತು ಸಿಕ್ಕಿತು. ನಾನ್ ಔಟಾ ಎಂದಳು.’

ಪತ್ರಿಕೆಗೆ ಕಳಿಸಿದ್ದು: ‘ಮೂರ್ಛೆ ರೋಗದಿಂದ ಕುಸಿದ ಆಟಗಾರ್ತಿ ನಾಗವೇಣಿ ಕೆಲವೇ ನಿಮಿಷಗಳಲ್ಲಿ ಚೇತರಿಸಿಕೊಂಡು ಪ್ರೇಕ್ಷಕರ ಮೆಚ್ಚುಗೆ ಗಳಿಸಿದರು.’ ಹೊಗಳಿ ಬರೆದೆ ಎಂದುಕೊಂಡಿದ್ದೆ.

ಆ ಸಾಲು ಎಲ್ಲಿಗೆ ಹೋಯಿತು ಎಂಬುದು ವರ್ಷದ ನಂತರ ತಿಳಿಯಿತು. ನಾಗವೇಣಿಯ ತಾಯಿ ಸಿದ್ದಮ್ಮ ಶಾಲೆಯ ಬಿಸಿಯೂಟದ ಅಡುಗೆಯವರು. ಪಂದ್ಯಕ್ಕೆ ಬಂದಿರಲಿಲ್ಲ. ವಾರದೊಳಗೆ ಮಗಳನ್ನು ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದರು. ಏನಾಯಿತು ಎಂದು ವೈದ್ಯರು ಕೇಳಿದಾಗ, ಕಂಡವರು ಯಾರೂ ಜೊತೆಗಿರಲಿಲ್ಲ. ಬಿದ್ದವಳಿಗೆ ಏನೂ ನೆನಪಿರಲಿಲ್ಲ. ಸಿದ್ದಮ್ಮ ಬ್ಯಾಗಿನಿಂದ ಪತ್ರಿಕೆಯ ತುಂಡು ತೆಗೆದು ಮೇಜಿನ ಮೇಲೆ ಇಟ್ಟರು. ಪೇಪರಿನಲ್ಲೇ ಬಂದಿದೆ ಎಂದರು. ವೈದ್ಯರು ಓದಿ ಮೂರ್ಛೆರೋಗದ ಮಾತ್ರೆ ಬರೆದುಕೊಟ್ಟರು. ಇಸಿಜಿ ಮಾಡಿಸಲಿಲ್ಲ. ನಾಗವೇಣಿ ಒಂದು ವರ್ಷ ಆ ಮಾತ್ರೆ ನುಂಗಿಕೊಂಡು ಓಡಿದಳು.

ನರಸೀಪುರದ ಆ ಭಾನುವಾರ ಟೂರ್ನಮೆಂಟಿಗೆಂದು ಆಂಬುಲೆನ್ಸ್ ಬಂದು ಮೈದಾನದ ಆಚೆ ಬದಿಯಲ್ಲಿ ನಿಂತಿತ್ತು. ಅದರ ಶುಶ್ರೂಷಕ ಗಿರೀಶ ಈಚೆ ಬದಿಯಲ್ಲಿ ಟೀ ಕುಡಿಯುತ್ತಿದ್ದ. ನಾಗವೇಣಿ ಬಿದ್ದಾಗ ನಂಜನಗೂಡಿನ ಹಾಗೆಯೇ ಕೈಕಾಲು ಅದುರಿತು. ‘ಕೀ, ಕೀ’ ಎಂಬ ಕೂಗೂ ಎದ್ದಿತು. ಒಬ್ಬರು ಅವಳ ಅಂಗೈ ಬಿಡಿಸುತ್ತಿದ್ದರು. ನನ್ನ ಕೈ ಜೇಬಿಗೆ ಹೋಗಿತ್ತು.

"ಕೀ ಬಿಸಾಕ್ರೀ!" ಎಂದು ಗಿರೀಶ ಜನರನ್ನು ತಳ್ಳಿಕೊಂಡು ಬಂದ. ಕತ್ತು ಮುಟ್ಟಿ ನೋಡಿದ. "ಉಸ್ರಿಲ್ಲ ಇವ್ರಿಗೆ. ಸರೀರಿ ಆಕಡೆ. ಮೇಷ್ಟ್ರೇ, ನಮ್ ಡ್ರೈವರ್‌ಗೆ ಹೇಳಿ, ಶಾಕ್ ಬಾಕ್ಸ್ ತರ್ಲಿ, ಓಡಿ!"

ಎರಡೂ ಕೈ ಜೋಡಿಸಿ ಎದೆಯ ನಡುವೆ ಒತ್ತಲು ಶುರು ಮಾಡಿದ. ಜೋರಾಗಿ ಎಣಿಸುತ್ತಿದ್ದ. ಪಕ್ಕೆಲುಬು ಮುರಿಯುತ್ತೆ ಕಣಪ್ಪಾ ಎಂದು ಯಾರೋ ಅಂದರು. "ಮುರಿಲಿ," ಎಂದ, ಎಣಿಕೆ ಬಿಡಲಿಲ್ಲ. ನಾನು ಜೇಬಿನಿಂದ ಕೀಲಿಯ ಬದಲು ಪೆನ್ನು ತೆಗೆದೆ. ಆ ಹೊತ್ತಿನಲ್ಲಿ ನನ್ನಿಂದ ಆಗುತ್ತಿದ್ದದ್ದು ಅದೊಂದೇ. ಈ ಬರಹದ ಮೊದಲಿನ ನಿಮಿಷಗಳು ಆಗ ಬರೆದವು.

ಆಂಬುಲೆನ್ಸ್ ಹೊರಟ ಮೇಲೆ ಸುದ್ದಿ ಕಳಿಸಿದೆ. ಬಿದ್ದದ್ದು, ಒತ್ತಿದ್ದು, ಶಾಕ್ ಕೊಟ್ಟದ್ದು, ಮೈಸೂರಿಗೆ ಸಾಗಿಸಿದ್ದು. ಕೊನೆಯ ಸಾಲು: ‘ಕಾರಣ ತಿಳಿದುಬಂದಿಲ್ಲ.’ ಮರುದಿನ ಬೆಳಿಗ್ಗೆ ಪತ್ರಿಕೆಯಲ್ಲಿ ಇದ್ದ ತಲೆಬರಹ: ‘ಮೈದಾನದಲ್ಲೇ ಹೃದಯಾಘಾತ: ಖೋ ಖೋ ತಾರೆಯ ಕ್ರೀಡಾ ಬದುಕು ಅಂತ್ಯ’.

ಶ್ರೀಕಂಠಯ್ಯನವರು ತೀರಿಕೊಂಡು ಬಹಳ ವರ್ಷವಾಗಿತ್ತು. ಪುಟ ನೋಡುತ್ತಿದ್ದವರು ನನಗಿಂತ ಇಪ್ಪತ್ತೈದು ವರ್ಷ ಚಿಕ್ಕವರು. ಫೋನ್ ಮಾಡಿದೆ.

"ಬದುಕು ಅಂತ್ಯ ಅಂತ ನಾನೆಲ್ಲಿ ಬರ್ದಿದೀನಿ?"

"ಹಾರ್ಟ್ ಅಟ್ಯಾಕ್ ಆದ್ಮೇಲೆ ಇನ್ನೇನ್ ಓಡ್ತಾರೆ ಸಾರ್?"

"ಅಟ್ಯಾಕ್ ಅಂತಾನೂ ಬರ್ದಿಲ್ಲ."

"ಎದೆ ಒತ್ತಿದ್ದಾರೆ, ಶಾಕ್ ಕೊಟ್ಟಿದ್ದಾರೆ. ಮತ್ತೇನದು, ಗ್ಯಾಸ್ಟ್ರಿಕ್ಕಾ?"

"ಗೊತ್ತಿಲ್ಲ ಅಂತ ಬರ್ದಿದ್ದೆ."

"ಗೊತ್ತಿಲ್ಲ ಅನ್ನೋದು ಹೆಡ್ಡಿಂಗ್ ಆಗಲ್ಲ ಸಾರ್."

ನಾಲ್ಕನೆಯ ದಿನ ಮೈಸೂರಿನ ಆಸ್ಪತ್ರೆಗೆ ಹೋದೆ. ನಾಗವೇಣಿ ಎದ್ದು ಕೂತಿದ್ದಳು. ಉಸಿರೆಳೆದರೆ ಪಕ್ಕೆ ನೋಯುತ್ತಿತ್ತು. ಎರಡು ಪಕ್ಕೆಲುಬು ಬಿರುಕು ಬಿಟ್ಟಿದ್ದವು. ಹಾಸಿಗೆಯ ಪಕ್ಕದಲ್ಲಿ ತಾಯಿ ಕೂತಿದ್ದರು. ಮಡಿಲಲ್ಲಿ ಪ್ಲಾಸ್ಟಿಕ್ ಕವರ್, ಅದರಲ್ಲಿ ಹಳೆಯ ಚೀಟಿ, ಮಾತ್ರೆ, ನನ್ನ ಸುದ್ದಿಯ ತುಂಡು. ಹೃದ್ರೋಗ ವೈದ್ಯೆ ಅದನ್ನು ಆಗಲೇ ಓದಿದ್ದರು.

"ಇದನ್ನ ಬರ್ದವರು ನೀವಾ?" ಎಂದರು.

"ಹೌದು."

"ಮೂರ್ಛೆ ರೋಗ ಅಂತ ನಿಮಗೆ ಯಾರು ಹೇಳಿದ್ರು?"

ಇದೇ ಪ್ರಶ್ನೆಯನ್ನು ಒಮ್ಮೆ ಯಾರೋ ಕೇಳಿದ್ದರು ಅನ್ನಿಸಿತು, ಯಾರೆಂದು ಹೊಳೆಯಲಿಲ್ಲ. "ಯಾರೂ ಹೇಳಲಿಲ್ಲ. ನಾನು ನೋಡಿದ್ದು ಇದು," ಎಂದು ನೋಟ್‌ಬುಕ್ ತೆರೆದು ಕೊಟ್ಟೆ. ಬರುವಾಗ ನಂಜನಗೂಡಿನ ದಿನದ ನೋಟ್‌ಬುಕ್ಕನ್ನೂ ತಂದಿದ್ದೆ. ಅವರು ಎರಡನ್ನೂ ನಿಧಾನವಾಗಿ ಓದಿದರು. ‘ನಾನ್ ಔಟಾ’ ಎಂಬಲ್ಲಿ ಬೆರಳಿಟ್ಟರು.

"ಇದು ಪೇಪರ್‌ನಲ್ಲಿ ಯಾಕೆ ಬರಲಿಲ್ಲ? ಫಿಟ್ಸ್ ಬಂದು ಎದ್ದವರಿಗೆ ಸ್ವಲ್ಪ ಹೊತ್ತು ಮಂಪರು ಇರುತ್ತೆ, ಜನರ ಗುರುತು ಹತ್ತಲ್ಲ. ಇವಳು ಎದ್ದ ಕೂಡಲೇ ಔಟಾ ಅಂತ ಕೇಳಿದ್ದಾಳೆ. ಆವತ್ತು ನಿಂತಿದ್ದು ತಲೆಯಲ್ಲ, ಹೃದಯ. ಆವತ್ತು ತಾನಾಗೇ ಸರಿಹೋಯ್ತು, ಮೊನ್ನೆ ಹೋಗ್ಲಿಲ್ಲ."

ಆಮೇಲೆ ಸಿದ್ದಮ್ಮನ ಕಡೆ ತಿರುಗಿದರು. "ಮನೇಲಿ ಯಾರಾದ್ರೂ ಚಿಕ್ಕ ವಯಸ್ಸಲ್ಲಿ ಇದ್ದಕ್ಕಿದ್ದಂಗೆ ತೀರ್ಕೊಂಡಿದಾರಾ ಅಮ್ಮ?"

"ಇಲ್ಲ ಕಣವ್ವ. ನನ್ ತಮ್ಮ ಒಬ್ಬ ಒಳೇಲಿ ಮುಳುಗ್ಬುಟ್ಟ. ಅದೇನ್ ಕಾಯ್ಲೆ ಅಲ್ವಲ್ಲ."

"ಅವರಿಗೆ ಈಜು ಬರ್ತಿತ್ತಾ?"

ಸಿದ್ದಮ್ಮ ತಲೆಯೆತ್ತಿ ನನ್ನನ್ನು ನೋಡಿದರು. ಹತ್ತೊಂಬತ್ತು ವರ್ಷದ ಹಿಂದೆ ಮೆಟ್ಟಿಲು ಹತ್ತಿ ಬಂದ ಹೆಂಗಸನ್ನು ನಾನು ಆಗ ಗುರುತಿಸಿದೆ. ಕಂಕುಳಲ್ಲಿದ್ದ ಕೂಸು ಹಾಸಿಗೆಯ ಮೇಲಿತ್ತು.

"ಬರ್ತಿತ್ತು," ಎಂದೆ. "ಈಜುವಾಗ ಕೈ ನಿಂತಿತು. ಕೂಗಲಿಲ್ಲ, ಒದ್ದಾಡಲಿಲ್ಲ. ಅದೂ ನನ್ನ ಹತ್ತಿರ ಬರೆದಿದೆ."

"ಬಿಡಿ ಸಾ," ಎಂದರು ಸಿದ್ದಮ್ಮ. "ಕೊನೆಗೂ ಯೋಳುದ್ರಲ್ಲ."

ವೈದ್ಯೆ ವಿವರಿಸಿದ್ದನ್ನು ನನಗೆ ಅರ್ಥವಾದಷ್ಟು ಬರೆಯುತ್ತೇನೆ. ನಾಗವೇಣಿಯ ಹೃದಯದ ಮಾಂಸಖಂಡ ಸರಿಯಿದೆ, ರಕ್ತನಾಳ ಕಟ್ಟಿಕೊಂಡಿಲ್ಲ. ಆದ್ದರಿಂದ ಇದು ಹೃದಯಾಘಾತ ಅಲ್ಲ. ದೋಷ ಇರುವುದು ಹೃದಯದ ವಿದ್ಯುತ್ತಿನಲ್ಲಿ. ಒಂದು ಬಡಿತ ಮುಗಿದು ಇನ್ನೊಂದಕ್ಕೆ ಸಿದ್ಧವಾಗಲು ಅದು ಬೇರೆಯವರಿಗಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಓಡುವಾಗ, ಈಜುವಾಗ ಲಯ ತಪ್ಪಿ ಬಡಿಯುವ ಬದಲು ನಡುಗುತ್ತದೆ, ರಕ್ತ ಹರಿಯುವುದು ನಿಲ್ಲುತ್ತದೆ. ಹುಟ್ಟಿನಿಂದ ಬರುವ, ಮನೆತನದಲ್ಲಿ ಹರಿದುಬರುವ ದೋಷ. ಇಸಿಜಿಯಲ್ಲಿ ಕಾಣುತ್ತದೆ. ಸಿದ್ದಮ್ಮನ ಇಸಿಜಿ ತೆಗೆದರು. ಅವರದ್ದರಲ್ಲೂ ಕಂಡಿತು. ಮೂರ್ಛೆಯ ಮಾತ್ರೆ ನಿಲ್ಲಿಸಿ ತಾಯಿ, ಮಗಳು ಇಬ್ಬರಿಗೂ ಹೃದಯದ ವೇಗ ತಗ್ಗಿಸುವ ಒಂದೇ ಮಾತ್ರೆ ಬರೆದರು.

ಹೊರಡುವ ದಿನ ನಾಗವೇಣಿ ಕೇಳಿದ ಪ್ರಶ್ನೆ ಒಂದೇ.

"ಮೇಡಂ, ಗ್ರೌಂಡಿಗೆ ಯಾವಾಗ ಹೋಗ್ಲಿ?"

"ನಾನು ಓದುವಾಗ ಈ ಪ್ರಶ್ನೆಗೆ ಉತ್ತರ ಸುಲಭವಾಗಿತ್ತು. ಆಟ ಬಿಡು ಅಂತ ಹೇಳಿಬಿಡ್ತಿದ್ರು. ಈಗ ಹಾಗೆ ಎಲ್ಲರಿಗೂ ಹೇಳಲ್ಲ. ನೀನು ಬಿದ್ದದ್ದು ಸರಿಯಾದ ಮಾತ್ರೆ ಇಲ್ಲದಾಗ. ಮಾತ್ರೆ ತಗೊಂಡು ತಿಂಗಳುಗಟ್ಟಲೆ ಏನೂ ಆಗದಿದ್ರೆ, ಟ್ರೆಡ್‌ಮಿಲ್ ಮೇಲೆ ಓಡಿಸಿ ನೋಡ್ತೀವಿ. ಆಮೇಲೆ ನೀನು, ನಿಮ್ಮಮ್ಮ, ನಾನು ಕೂತು ಮಾತಾಡೋಣ. ಮಾತ್ರೆ ತಗೊಂಡೂ ಬಿದ್ರೆ, ಎದೆಯೊಳಗೆ ತಾನಾಗೇ ಶಾಕ್ ಕೊಡೋ ಸಾಧನ ಇಡಬೇಕಾಗುತ್ತೆ. ಆಗ ಲೆಕ್ಕವೇ ಬೇರೆ. ನಾನು ಆಗಬಹುದು ಅಂತಿದೀನಿ. ಆಗುತ್ತೆ ಅಂತಿಲ್ಲ. ವ್ಯತ್ಯಾಸ ಗೊತ್ತಾಯ್ತಾ?"

"ಗೊತ್ತಾಯ್ತು. ಯಾವಾಗ ಟ್ರೆಡ್‌ಮಿಲ್?"

ಪತ್ರಿಕೆಯಲ್ಲಿ ತಿದ್ದುಪಡಿಗೆ ಹನ್ನೊಂದು ದಿನ ಹಿಡಿಯಿತು. ‘ಹೃದಯಾಘಾತ ಅಲ್ಲ, ಕ್ರೀಡಾ ಬದುಕು ಅಂತ್ಯ ಎಂಬುದಕ್ಕೆ ಆಧಾರವಿಲ್ಲ’ ಎಂದು ಒಳಪುಟದ ಕೆಳಗೆ ಬಂತು. ತಲೆಬರಹವನ್ನು ಓದಿದವರು ಅದನ್ನು ಓದಲಿಲ್ಲ. ಸಿದ್ಧ ಪದದಿಂದ ತಪ್ಪು ಬರೆಯಲು ಒಂದು ನಿಮಿಷ ಸಾಕು ಎಂದು ಹೊಸಬರಿಗೆ ಈ ಕಾರಣಕ್ಕೇ ಹೇಳುತ್ತೇನೆ.

ಸೋಸಲೆಯ ಮನೆಗೆ ಆಮೇಲೆ ಹಲವು ಸಲ ಹೋದೆ. ಮುಂದಿನ ಕೋಣೆಯ ಗೋಡೆಯ ಮೇಲೆ ಬುದ್ಧ, ಪಕ್ಕದಲ್ಲಿ ಅಂಬೇಡ್ಕರ್, ಅವರ ಕೆಳಗೆ ಮಹದೇವನ ಮಾಸಿದ ಫೋಟೋ. ನಾನು ಹೋದ ದಿನಗಳಲ್ಲೆಲ್ಲ ಅದೇ ಜಗಳ.

"ಆಟ ಅಂತೆ ಆಟ. ಎಲ್ಡ್ ಸಲ ಬಿದ್ದಿದೀಯ. ತಮ್ಮುನ್ನ ಒಳೆಗ್ ಕೊಟ್ಟೆ, ನಿನ್ನ ಗ್ರೌಂಡಿಗ್ ಕೊಡ್ಲಾ?"

"ನಿಂಗೂ ಅದೆ ಅಂತ ಮೇಡಂ ಯೋಳುದ್ರಲ್ಲವ್ವ. ಇನ್ನೂರು ಮಕ್ಳ ಸಾರಿನ ಪಾತ್ರೆ ಎತ್ತುತಿದೀಯಲ್ಲ, ಬುಟ್ಬುಡು."

"ನಾನ್ ಬುಟ್ರೆ ಮಕ್ಳು ಏನ್ ತಿಂದವು?"

"ನಾನ್ ಬುಟ್ರೆ ನಾನ್ ಏನ್ ಆದೇನು?"

ಸಿದ್ದಮ್ಮ ನನ್ನ ಕಡೆ ತಿರುಗಿದರು. "ಸಾ, ನೀವಾರ ಬುದ್ಧಿ ಯೋಳಿ."

ನಾನು ಯಾರ ಪರವೂ ಮಾತಾಡಲಿಲ್ಲ. ಎರಡು ಸಲ ಕೇಳದೆ ಕಾರಣ ಬರೆದವನು ಮೂರನೆಯ ಸಲ ಕೇಳಿದರೂ ತೀರ್ಪು ಹೇಳಬಾರದು ಎಂದುಕೊಂಡೆ. ನಾಗವೇಣಿ ನನ್ನಿಂದ ಕೇಳಿದ್ದು ಬೇರೆ. "ಸಾ, ನಿಮ್ ತರದ್ದು ಒಂದು ನೋಟ್‌ಬುಕ್ ಕೊಡಿ," ಎಂದಳು. ಕೊಟ್ಟೆ. ಅವಳು ಅದರಲ್ಲಿ ಮಾತ್ರೆ ನುಂಗಿದ ಹೊತ್ತನ್ನು ನಿಮಿಷದ ಸಮೇತ ಬರೆಯತೊಡಗಿದಳು. ಎಡಗಡೆ ತನ್ನದು, ಬಲಗಡೆ ತಾಯಿಯದು. ತಾಯಿಯ ಕಡೆ ಅಲ್ಲಲ್ಲಿ ‘ಮರೆತಳು, ಬೈದು ಕೊಟ್ಟೆ’ ಎಂದು ಇತ್ತು. ಮಗಳ ಕಡೆ ಒಂದು ದಿನವೂ ಖಾಲಿ ಇರಲಿಲ್ಲ.

ಪುಟ್ಟಸ್ವಾಮಿ ಮೇಷ್ಟ್ರು ಅವಳನ್ನು ಮೈದಾನಕ್ಕೆ ಬಿಡಲಿಲ್ಲ. "ನನ್ ಕಣ್ಣೆದ್ರು ಎರಡು ಸಲ ಬಿದ್ದಿದೀಯ ಕಣಮ್ಮಾ. ಮೂರನೇದು ನೋಡೋ ಶಕ್ತಿ ನಂಗಿಲ್ಲ."

"ನೋಡ್ಕಂಡು ನಿಂತ್ಕಬೇಡಿ ಸಾ, ಒತ್ತೋದ್ ಕಲ್ತ್ಕಳಿ," ಎಂದಳು.

ಗಿರೀಶನನ್ನು ಅವಳೇ ಕರೆತಂದಳು. ರಜೆಯ ದಿನ, ಶಾಲೆಯ ಅಂಗಳದಲ್ಲಿ, ರಬ್ಬರಿನ ಗೊಂಬೆ ಇಟ್ಟುಕೊಂಡು ಅವನು ಇಡೀ ತಂಡಕ್ಕೆ ಎದೆ ಒತ್ತುವುದನ್ನು ಕಲಿಸಿದ. ಹುಡುಗಿಯರು ನಕ್ಕರು. ಪುಟ್ಟಸ್ವಾಮಿಯವರು ಮಂಡಿಯೂರಲಾಗದೆ ಬೈದುಕೊಂಡೇ ಒತ್ತಿದರು. ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಸಿದ್ದಮ್ಮ ಸೆರಗು ಸಿಕ್ಕಿಸಿಕೊಂಡು ಬಂದರು. "ಸರೀರಿ, ಮುದ್ದೆ ತಿರುವೋ ಕೈ ನಂದು," ಎಂದು ಗೊಂಬೆಯ ಪಕ್ಕ ಕೂತರು. ಮೂವತ್ತರವರೆಗೆ ಎಣಿಸಿ ನಿಲ್ಲಿಸಲು ಗಿರೀಶ ಹೇಳಿದ್ದ. ಅವರು ನಿಲ್ಲಿಸಲಿಲ್ಲ.

"ಸಾಕು ಅಮ್ಮಾ, ಬದುಕ್ತು," ಎಂದ ಗಿರೀಶ.

ಅದಾದ ಮೇಲೆ ಆ ಮನೆಯಲ್ಲಿ ಜಗಳ ನಿಂತಿತು ಎಂದು ಹೇಳಲಾರೆ. ಜಗಳದ ವಿಷಯ ಬದಲಾಯಿತು. ಎಷ್ಟು ಹೊತ್ತು ಓಡಬೇಕು, ಬಿಸಿಲಿಳಿದ ಮೇಲೆ ಓಡಬೇಕೋ ಬೇಡವೋ ಎಂಬ ಜಗಳ.

ಒಂಬತ್ತು ತಿಂಗಳ ನಂತರ ಟ್ರೆಡ್‌ಮಿಲ್ ಪರೀಕ್ಷೆ ನಡೆಯಿತು. ಲಯ ತಪ್ಪಲಿಲ್ಲ. ನಾಗವೇಣಿ ನೋಟ್‌ಬುಕ್ ತೋರಿಸಿದಳು. ವೈದ್ಯೆ ಒಂದು ಪತ್ರ ಕೊಟ್ಟರು. ಆಡಲು ಯೋಗ್ಯಳು ಎಂಬ ಮಾತು ಅದರಲ್ಲಿರಲಿಲ್ಲ. ಅಪಾಯ ತಗ್ಗಿದೆ, ಇಲ್ಲವಾಗಿಲ್ಲ. ಅದನ್ನು ತಿಳಿದು ಅವಳು ತೀರ್ಮಾನಿಸಿದ್ದಾಳೆ ಎಂದಿತ್ತು. ಷರತ್ತುಗಳಿದ್ದವು. ಮಾತ್ರೆ ತಪ್ಪಬಾರದು. ಜ್ವರ, ವಾಂತಿ, ಭೇದಿ ಇದ್ದ ದಿನ ಆಡಬಾರದು. ಬೇರೆ ಯಾವ ಔಷಧಿಯನ್ನೂ ಕೇಳದೆ ನುಂಗಬಾರದು. ಒಬ್ಬಳೇ ನೀರಿಗಿಳಿಯಬಾರದು. ಆಡುವ ಕಡೆಯಲ್ಲೆಲ್ಲ ಶಾಕ್ ಕೊಡುವ ಪೆಟ್ಟಿಗೆ ಮತ್ತು ಅದನ್ನು ಬಳಸಬಲ್ಲವರು ಇರಬೇಕು. ಪುಟ್ಟಸ್ವಾಮಿಯವರ ಹಳೆಯ ಶಿಷ್ಯರು ಸೇರಿ ಪೆಟ್ಟಿಗೆ ತಂದುಕೊಟ್ಟರು. ಹುಡುಗಿಯರು ಅದನ್ನು ಕರೆಂಟ್ ಡಬ್ಬಿ ಎಂದು ಕರೆದರು.

ಪತ್ರ ಹಿಡಿದು ಟೂರ್ನಮೆಂಟ್ ನಡೆಸುವವರ ಹತ್ತಿರ ಹೋದರೆ, ಒಬ್ಬರು ಮೊಬೈಲ್ ತೆಗೆದು ನಮ್ಮ ಪತ್ರಿಕೆಯ ಹಳೆಯ ತಲೆಬರಹ ತೋರಿಸಿದರು. "ಪೇಪರ್‌ನಲ್ಲೇ ಬಂದದಲ್ಲಮ್ಮ, ಮುಗೀತು ಅಂತ."

"ಪೇಪರ್‌ನಲ್ಲಿ ನಂಗೆ ಮೂರ್ಛೆ ಅಂತಾನೂ ಬಂದಿತ್ತು ಸಾ. ನಮ್ ಮಾವುಂಗೆ ಈಜು ಬರ್ನಿಲ್ಲ ಅಂತಾನೂ ಬಂದಿತ್ತು," ಎಂದಳು ನಾಗವೇಣಿ. "ಬರ್ದೋರು ಇಲ್ಲೇ ನಿಂತವ್ರೆ, ಕೇಳಿ."

ಕೇಳಿದರು. ನಾನು ಹೇಳಿದೆ. ಎರಡು ತಿಂಗಳು ಅಲೆದ ಮೇಲೆ ಹೆಸರು ಸೇರಿಸಿಕೊಂಡರು.

ಮೊದಲಿನ ಓಟ ಅವಳಿಗೆ ಸಿಕ್ಕಲಿಲ್ಲ. ಆ ಮಾತ್ರೆ ಹೃದಯವನ್ನು ಒಂದು ವೇಗದ ಮೇಲೆ ಹೋಗಗೊಡುವುದಿಲ್ಲ. "ಕಾಲು ಒಂಟೋಯ್ತವೆ ಸಾ, ಎದೆ ಹಿಂದ್ಲೇ ನಿಂತ್ಕಂಡು ಬತ್ತೀನಿ ತಾಳು ಅಂತದೆ," ಎಂದಳು. ಅಭ್ಯಾಸದ ಮೊದಲ ದಿನ ನಲವತ್ತು ಸೆಕೆಂಡಿಗೆ ಔಟಾದಳು. ಮೈದಾನ ಸುತ್ತಿ ಓಡುವುದನ್ನು ಬಿಟ್ಟು, ಕೂತವರ ನಡುವೆ ಚಿಕ್ಕ ಚಿಕ್ಕ ತಿರುವುಗಳಲ್ಲಿ ತಪ್ಪಿಸಿಕೊಳ್ಳುವ ಆಟವನ್ನು ಹೊಸದಾಗಿ ಕಲಿತಳು. ಆ ವರ್ಷ ರಾಜ್ಯ ತಂಡದ ಆಯ್ಕೆಗೆ ಕರೆ ಬರಲಿಲ್ಲ. ಮರುವರ್ಷವೂ ಬರಲಿಲ್ಲ. ಅವಳು ಅಭ್ಯಾಸಕ್ಕೆ ಬರುವುದನ್ನು ನಿಲ್ಲಿಸಲಿಲ್ಲ.

ಈ ನಡುವೆ ನಾನು ನಿವೃತ್ತನಾದೆ. ಕೊನೆಯ ದಿನ ‘ಸಾವು ಗೆದ್ದ ಹುಡುಗಿ’ ಎಂದು ಅರ್ಧ ಪುಟ ಬರೆಯಿರಿ ಎಂದು ಕಚೇರಿಯಿಂದ ಕೇಳಿದರು. ಗೆದ್ದಳೆಂದು ನನಗೆ ಗೊತ್ತಿರಲಿಲ್ಲ. ಬದಲಿಗೆ ಮೂರು ಸಾಲು ಕಳಿಸಿದೆ: ‘ಸೋಸಲೆಯ ಬಳಿ ಕಾವೇರಿಯಲ್ಲಿ ಹಿಂದೆ ಮೃತಪಟ್ಟ ಮಹದೇವ ಅವರಿಗೆ ಈಜು ಬಾರದಿತ್ತು ಎಂದು ಈ ಪತ್ರಿಕೆ ವರದಿ ಮಾಡಿತ್ತು. ಅದು ತಪ್ಪು. ಅವರಿಗೆ ಈಜು ಚೆನ್ನಾಗಿ ಬರುತ್ತಿತ್ತು.’ ಇಪ್ಪತ್ತೆರಡು ವರ್ಷದ ಹಿಂದಿನದಕ್ಕಾ ಎಂದು ಕೇಳಿದರು. ಹೌದು ಎಂದೆ. ಹಾಕಿದರು. ಸಿದ್ದಮ್ಮ ಆ ತುಂಡನ್ನು ಕತ್ತರಿಸಿ ಮಹದೇವನ ಫೋಟೋದ ಚೌಕಟ್ಟಿಗೆ ಸಿಕ್ಕಿಸಿದ್ದಾರೆ.

ಕಳೆದ ಭಾನುವಾರ ನಂಜನಗೂಡು ತಾಲ್ಲೂಕಿನ ಹದಿನಾರು ಎಂಬ ಊರಿನ ಮೈದಾನದಲ್ಲಿ ಪಂದ್ಯವಿತ್ತು. ಸಂಜೆ 4.36ಕ್ಕೆ ನಾಗವೇಣಿ ಓಡಲು ಇಳಿದಳು. ಎರಡು ನಿಮಿಷ ಹತ್ತು ಸೆಕೆಂಡ್ ಓಡಿದಳು. ಕಂಬದ ಬಳಿ ಔಟಾದಳು. ನಡೆದುಕೊಂಡು ಗೆರೆಯಾಚೆ ಬಂದು, ತಾಯಿಯ ಪಕ್ಕ ಬೆಂಚಿನ ಮೇಲೆ ಕೂತು ನೀರು ಕುಡಿದಳು. ಸಿದ್ದಮ್ಮನ ಮಡಿಲಲ್ಲಿದ್ದ ಕರೆಂಟ್ ಡಬ್ಬಿ ಮುಚ್ಚಿಯೇ ಇತ್ತು.